ಮರುದಿನ ಬೆಳಗಿನ ಎಣಿಕೆ

ಬೆಳೆಯ ರಸ ಹೀರುವ ಸಸ್ಯಹೇನುಗಳನ್ನು ಗಿಡಮೂಲದ ಸುಗಂಧ ತೈಲಗಳಿಂದಲೇ ಹತೋಟಿಗೆ ತರುವ ವಿದ್ಯೆಯಲ್ಲಿ ನಮ್ಮ ಸಂಶೋಧನಾ ಕೇಂದ್ರಕ್ಕೆ ಏನಾದರೂ ಹೆಸರಿದ್ದರೆ, ಅದು ಈ ತಿಂಗಳು ನಿವೃತ್ತರಾಗುತ್ತಿರುವ ಮೇಡಂ ಅವರ ಮೂವತ್ತನಾಲ್ಕು ವರ್ಷಗಳ ದುಡಿಮೆಯಿಂದ ಬಂದದ್ದು. ಕೇಂದ್ರ ಅವರಿಗೆ ಕೊಟ್ಟದ್ದು ಬೆನ್ನ ಹಿಂದೆ ‘ಹೇನಮ್ಮ’ ಎಂಬ ಅಡ್ಡಹೆಸರು. ಈಗ, ಈ ಅಭಿನಂದನ ಗ್ರಂಥ.

ಅವರ ಪ್ರಯೋಗಾಲಯವೆಂದರೆ ಕೊಳಾಯಿ ಸೋರುವ ಒಂದು ಕೋಣೆ ಮತ್ತು ಒಂದು ಭೂತಗನ್ನಡಿ. ಈ ಲೇಖನ ಬರೆಯುತ್ತಿರುವ ಶಿಷ್ಯ ಅಲ್ಲಿಗೆ ಸೇರಿದ ವಾರದಲ್ಲೇ ಲವಂಗದ ಎಣ್ಣೆಯನ್ನು ಕಣ್ಣಿಗೆ ಸಿಡಿಸಿಕೊಂಡಾಗ, ಅರ್ಧ ಗಂಟೆ ಅವನ ತಲೆ ಹಿಡಿದು ಕಣ್ಣು ತೊಳೆದರು. ವಾಸಿಯಾಗುವವರೆಗೆ ಅವನ ಪಾಲಿನ ಹೇನುಗಳ ಎಣಿಕೆಯನ್ನೂ ತಾವೇ ಮಾಡಿಕೊಟ್ಟರು.

ಮುಂದೆ ಪುದೀನ ಮತ್ತು ಲವಂಗದ ತೈಲಗಳ ಮಿಶ್ರಣ ಸಿದ್ಧವಾಯಿತು. ಸಿಂಪಡಿಸಿದ ಒಂದು ಗಂಟೆಯಲ್ಲಿ ನೂರಕ್ಕೆ ತೊಂಬತ್ತೊಂದು ಹೇನುಗಳು ಎಲೆಯಿಂದ ಉದುರಿದವು. ಶಿಷ್ಯ ಹಿಗ್ಗಿ ‘ಸತ್ತವು’ ಎಂದು ಬರೆದುಕೊಂಡ.

“ಸತ್ತಿವೆ ಅಂತ ನಿನಗ್ಯಾರಪ್ಪ ಹೇಳಿದ್ದು? ಮೂರ್ಛೆ ಹೋದೋರನ್ನೆಲ್ಲ ಹೂಳ್ತಾ ಹೋದ್ರೆ ಊರಲ್ಲಿ ಯಾರು ಉಳೀತಾರೆ? ನಾಳೆ ಬೆಳಗ್ಗೆ ಬಂದು ಮತ್ತೆ ಎಣಿಸು” ಎಂದರು ಮೇಡಂ.

ಮರುದಿನ, ಉದುರಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎದ್ದು ಮತ್ತೆ ಎಲೆ ಹತ್ತಿದ್ದವು. ನಿಜವಾಗಿ ಸತ್ತದ್ದು ನಲವತ್ತಮೂರು. ತೈಲ ಬೇಗ ಆವಿಯಾಗುತ್ತದೆ, ಅದನ್ನು ಎಲೆಯ ಮೇಲೆ ಹಿಡಿದಿಡುವ ದಾರಿ ಹುಡುಕಲು ಇನ್ನೆರಡು ವರ್ಷ ಬೇಕು ಎಂದು ಅವರು ಬರೆದು ಕೊಟ್ಟರು.

ನಿರ್ದೇಶಕರಿಗೆ ಅಷ್ಟು ಪುರುಸೊತ್ತಿರಲಿಲ್ಲ. “ಏನ್ ಮೇಡಂ, ಹೇನು ಎದ್ದು ಬಂದು ಸಾಕ್ಷಿ ಹೇಳುತ್ತಾ?” ಎಂದು ನಕ್ಕರು.

“ಇಲ್ಲಿ ಹೇಳಲ್ಲ ಸರ್. ಹೊಲದಲ್ಲಿ ಹೇಳ್ತವೆ.”

ತೊಂಬತ್ತೊಂದೂ ಸತ್ತವೆಂದು ಸಿದ್ಧವಾದ ವರದಿಗೆ ಮೇಡಂ ಸಹಿ ಹಾಕಲಿಲ್ಲ. ಶಿಷ್ಯ ಹಾಕಿದ. ತೊಂಬತ್ತೊಂದು ಅಚ್ಚಾಯಿತು; ಶಿಷ್ಯನಿಗೆ ಬಡ್ತಿ ಸಿಕ್ಕಿತು, ಗುರುವಿಗೆ ಬೀಜದ ಉಗ್ರಾಣ. ತೈಲ ಕೊಂಡ ಬೆಳೆಗಾರರು ಸುರುಟಿದ ಎಲೆಗಳನ್ನು ಹಿಡಿದು ಜಗಳಕ್ಕೆ ಬಂದಾಗ ನಿರ್ದೇಶಕರು ಅವರನ್ನು ಕಳಿಸಿದ್ದೂ ಆ ಉಗ್ರಾಣಕ್ಕೇ. ಹನ್ನೊಂದು ವರ್ಷ ಮೇಡಂ ಪರರ ಸುಳ್ಳಿಗೆ ಬೈಸಿಕೊಂಡರು; ಒಮ್ಮೆಯೂ ಶಿಷ್ಯನತ್ತ ಬೆರಳು ತೋರಲಿಲ್ಲ. ಆ ಮೌನವನ್ನು ಈ ಗ್ರಂಥದಲ್ಲಿ ಹಲವರು ದೊಡ್ಡತನವೆಂದು ಹೊಗಳಿದ್ದಾರೆ. ಅದರಿಂದ ಹೊಗಳಿದವರಿಗೆಲ್ಲ ಅನುಕೂಲವಾಗಿತ್ತು ಎಂಬುದನ್ನು ಯಾರೂ ಬರೆದಿಲ್ಲ.

ಈಗ ವಿಭಾಗದ ಮುಖ್ಯಸ್ಥನಾಗಿರುವ ಶಿಷ್ಯ ಇಲ್ಲಿಯವರೆಗಿನ ಬರಹವನ್ನು ಮೇಡಂ ಅವರ ಮನೆಗೆ ಒಯ್ದ. ಆ ವರದಿಯನ್ನು ಹಿಂತೆಗೆದುಕೊಳ್ಳುವಂತೆ ಪತ್ರ ಕೊಟ್ಟಿರುವುದಾಗಿಯೂ ಹೇಳಿದ. ಅವರು ಪೂರ್ತಿ ಓದಿ, ಎರಡು ಕಡೆ ಕಾಗುಣಿತ ತಿದ್ದಿದರು.

“ಇದನ್ನ ಆಗಲೇ ಬರೆದಿದ್ರೆ ನನಗೊಂದು ಪ್ರಯೋಗಾಲಯ ಉಳೀತಿತ್ತು ಕಣಯ್ಯ. ಈಗ ನೋಡು, ಹಾರ ಹಾಕ್ತಾರಂತೆ.”

ಚಹಾ ಕೊಟ್ಟರು. ಕ್ಷಮಿಸಿದೆ ಎನ್ನಲಿಲ್ಲ.

ಅವರ ಮನೆಯ ಕಿಟಕಿಯಲ್ಲಿ ಎಲೆಕೋಸಿನ ನಾಲ್ಕು ಕುಂಡಗಳಿವೆ. ತೈಲವನ್ನು ಎಲೆಗೆ ಹಿಡಿಸುವ ಅಂಟೊಂದರ ಪರೀಕ್ಷೆ ಅಲ್ಲಿ ನಡೆಯುತ್ತಿದೆ. ಅದು ಮುಗಿದು, ಅದರಾಚೆಗೂ ಕೈತುಂಬ ಕೆಲಸವಿರುವಷ್ಟು ಆಯುಸ್ಸು, ಆರೋಗ್ಯ ಅವರಿಗಿರಲಿ. ಆ ಫಲಿತಾಂಶ ಅಚ್ಚಾಗುವ ದಿನ ಅದರ ಮೇಲೆ ಅವರೊಬ್ಬರದೇ ಹೆಸರಿರಲಿ.