ವಿಠಲಣ್ಣನ ಕೈಗೆ ನಾನು ಕೊಟ್ಟ ಕೋವಿ

ಸುಮತಿಯಕ್ಕಾ, ನಿಮ್ಮ ಗಂಡ ಯುದ್ಧದಲ್ಲಿ ಯಾರನ್ನೂ ಕೊಂದಿರಲಿಲ್ಲ. ಕೊಂದರೆಂದು ಬಹರೈನಿನ ಮನಾಮದ ಆ ಶ್ರದ್ಧಾಂಜಲಿ ಸಭೆಯಲ್ಲಿ ಸುಳ್ಳು ಹೇಳಿದವನು ನಾನು. ಬಾಯಿತಪ್ಪಿ ಬಂದ ಮಾತಲ್ಲ ಅದು — ಗುಫೂಲ್ ಬಡಾವಣೆಯ ನನ್ನ ಫ್ಲ್ಯಾಟಿನಲ್ಲಿ ಕನ್ನಡಿಯೆದುರು ನಿಂತು ಅಭ್ಯಾಸ ಮಾಡಿಕೊಂಡೇ ಬಂದಿದ್ದೆ.

ತೊಂಬತ್ತರ ದಶಕದ ನಮ್ಮ ಕನ್ನಡ ಸಂಘ ನಿಮಗೆ ಗೊತ್ತು. ನಾನು ಅಲ್ಲಿನ ಖಾಯಂ ನಿರೂಪಕ. ಮೈಸೂರಿನವನು, ಬ್ಯಾಂಕಿನ ಕೆಲಸ, ತಪ್ಪಿಲ್ಲದ ಕನ್ನಡ — ಮೈಕು ಕೈಗೆ ಬಂದರೆ ಸುಲಭಕ್ಕೆ ಬಿಡುವ ಆಸಾಮಿಯಲ್ಲ. ನಮ್ಮ ವೇದಿಕೆಯಲ್ಲಿ ಎಲ್ಲರಿಗೂ ಒಂದೊಂದು ಬಡ್ತಿ ಕೊಟ್ಟು ಪರಿಚಯಿಸುವುದು ರೂಢಿ. ಸ್ಟೋರ್‌ಕೀಪರ್ ಮ್ಯಾನೇಜರ್ ಆಗುತ್ತಿದ್ದ, ಮ್ಯಾನೇಜರ್ ಉದ್ಯಮಿಯಾಗುತ್ತಿದ್ದ. ಎಲ್ಲರೂ ಮುಗುಳ್ನಕ್ಕು ಶಾಲು ಹೊದೆಸಿಕೊಳ್ಳುತ್ತಿದ್ದರು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ವಿಠಲಣ್ಣ ಸನದ್ ಬಡಾವಣೆಯ ನಿಮ್ಮ ಮನೆಯಲ್ಲಿ ತೀರಿಕೊಂಡರು. ಅವರ ದೇಹವನ್ನು ಊರಿಗೆ ಕಳಿಸುವ ಕಾಗದಪತ್ರ ಇನ್ನೂ ಕೈಸೇರಿರಲಿಲ್ಲ. ಶುಕ್ರವಾರ ರಜೆಯೆಂದು ಅಂದೇ ಸಭೆ ಕರೆದೆವು. ಸಂಘದ ಪ್ರತಿ ಹಬ್ಬದೂಟಕ್ಕೂ ಸೌಟು ಹಿಡಿದು ನಿಂತವರು ಅವರು, ಎಪ್ಪತ್ತೊಂದರ ಯುದ್ಧ ಕಂಡವರು. ಸತ್ಯ ನನಗೆ ಗೊತ್ತಿತ್ತು — ಚೌತಿಯ ಊಟಕ್ಕೆ ಬೂದುಗುಂಬಳ ಹೆಚ್ಚುತ್ತಾ ಅವರೇ ಹೇಳಿದ್ದರು.

“ನಾನು ಮಿಲಿಟರಿಯಲ್ಲಿ ಅಡುಗೆಯವ ಮಾರಾಯ್ರೆ. ಮೇಲೆ ಪೋಸ್ಟಿಗೆ ರೊಟ್ಟಿ, ದಾಲು ಹೊತ್ಕೊಂಡು ಹೋಗುದು. ಶೆಲ್ ಬೀಳ್ತದೆ, ಆದ್ರೆ ಅಲ್ಲಿದ್ದವರಿಗೆ ಹಸಿವಾಗುದಿಲ್ವಾ? ಸೆರೆ ಸಿಕ್ಕಿದವರಿಗೂ ನಾನೇ ಬಡಿಸಿದ್ದು.”

ಅಡುಗೆಯವರು ಎಂದರೆ ಸಭೆಗೆ ಸಾಲದು ಅನ್ನಿಸಿತು. ಎಷ್ಟು ಸಣ್ಣ ಬುದ್ಧಿ ನನ್ನದು! ರೂಢಿಯಂತೆ ಅವರಿಗೂ ಬಡ್ತಿ ಕೊಟ್ಟೆ. ಕೈಗೊಂದು ಕೋವಿ ಕೊಟ್ಟು ಶತ್ರುವಿನ ಬಂಕರಿಗೆ ನುಗ್ಗಿಸಿದೆ. ಅವರು ಅನ್ನ ಬಡಿಸಿದ್ದ, ಆಮೇಲೆ ಬದುಕಿ ತಮ್ಮ ಮನೆ ಸೇರಿದ್ದ ಜನರನ್ನೇ ಅವರ ಕೈಯಿಂದ — ಬರೆಯಲು ಈಗ ನಾಚಿಕೆಯಾಗುತ್ತದೆ. ಸಭೆಯೆಲ್ಲ ಎದ್ದು ನಿಂತಿತು. ನನಗೆ ಹೆಮ್ಮೆಯಾಯಿತು.

ಹೊರಗೆ, ಚಪ್ಪಲಿ ಬಿಟ್ಟಿದ್ದ ಕಡೆ, ನೀವು ನನ್ನನ್ನು ನಿಲ್ಲಿಸಿದಿರಿ.

“ಮದುವೆಯಾದ ಹೊಸತರಲ್ಲೇ ನಾನು ಕೇಳಿದ್ದೆ. ಯಾರನ್ನೂ ಕೊಂದಿಲ್ಲ, ಅಡುಗೆ ಮಾಡ್ತಿದ್ದೆ ಅಂತ ಹೇಳಿದ್ರು. ಹೌದಾ, ನನ್ನತ್ರ ಸುಳ್ಳು ಹೇಳಿದ್ದಾ ಅವರು?”

ಇಲ್ಲ ಅಕ್ಕಾ, ಸುಳ್ಳು ನನ್ನದು — ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬೆನ್ನು ತಟ್ಟಲು ನಾಲ್ಕು ಜನ ಹಿಂದೆಯೇ ಕಾಯುತ್ತಿದ್ದರು.

“ಸೈನಿಕರು ಮನೆಯವರಿಗೆ ಎಲ್ಲವನ್ನೂ ಹೇಳೋದಿಲ್ಲ, ಅಕ್ಕಾ,” ಎಂದೆ.

“ಹಾಗಾ,” ಅಂದಿರಿ. ಬಗ್ಗಿ ನಿಮ್ಮ ಚಪ್ಪಲಿ ಹುಡುಕತೊಡಗಿದಿರಿ. ವೇದಿಕೆಯ ಮೇಲೆ ಹೇಳಿದ್ದು ಜಂಬಕ್ಕೆ ಹೇಳಿದ ಸುಳ್ಳು. ಚಪ್ಪಲಿಗಳ ನಡುವೆ ನಿಂತು ಹೇಳಿದ್ದು ನಿಮ್ಮ ಸಂಸಾರಕ್ಕೇ ಹುಳಿ ಹಿಂಡಿದ ಸುಳ್ಳು. ಸತ್ತವರ ಮೇಲೆ, ಅವರು ತಿರುಗಿ ಮಾತಾಡಲಾರರು ಎಂಬ ಧೈರ್ಯದ ಮೇಲೆ. ನೀವು ಅವರ ದೇಹದ ಜೊತೆ ಊರಿಗೆ ಹೊರಟಿರಿ, ಮತ್ತೆ ಬಹರೈನಿಗೆ ಬರಲಿಲ್ಲ. ನಾನು ಮರೆತೆ. ಹೌದು, ಸಲೀಸಾಗಿ ಮರೆತುಬಿಟ್ಟೆ.

ಮೊನ್ನೆ ನಿಮ್ಮ ಮಗಳು ಫೋನಿನಲ್ಲಿ ಮಾತಿನ ನಡುವೆ ಹೇಳಿದಳು: “ಅಪ್ಪನ ತಿಥಿಗೆ ಅಮ್ಮ ಇನ್ನೊಂದು ಎಲೆ ಹಾಕ್ತಾರೆ ಅಂಕಲ್. ಅಪ್ಪನ ಕೈಯಲ್ಲಿ ಸತ್ತವರಿಗಂತೆ. ಪ್ರತಿ ವರ್ಷ. ಬಡಿಸುವಾಗ ಅಳ್ತಾರೆ.”

ಫೋನು ಇಟ್ಟವನೇ ಈ ಕಾಗದ ಬರೆಯಲು ಕೂತೆ. ನೀವು ಇಷ್ಟು ವರ್ಷಗಳಿಂದ ಗಂಡನ ಪಾಪ ತೊಳೆಯುತ್ತಿದ್ದೀರಿ — ಇಲ್ಲದ ಪಾಪ, ನಾನು ಹೊರಿಸಿದ್ದು.

ಬರುವ ಶುಕ್ರವಾರ ಅದೇ ಸಂಘದ ಮೈಕು ಹಿಡಿದು ಇದನ್ನು ಓದುತ್ತೇನೆ. ಕೇಳಿದವರು ಏನಾದರೂ ಅಂದುಕೊಳ್ಳಲಿ. ಆಮೇಲೆ ಉಡುಪಿಗೆ ಬಂದು ನಿಮ್ಮೆದುರು ಓದುತ್ತೇನೆ. ಕ್ಷಮಿಸಿ ಎಂದು ಕೇಳಲು ಬರುವುದಲ್ಲ. ನೀವು ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಂತು ಓದುತ್ತೇನೆ, ಈ ತಿಥಿಗೆ ಮೊದಲೇ.

ಈ ವರ್ಷ ಒಂದೇ ಎಲೆ ಹಾಕಿ, ಅಕ್ಕಾ. ವಿಠಲಣ್ಣ ನಿಮ್ಮಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ.