ನಾಣಿಯವರು ಸಮುದ್ರ ಮಗುಚಿದ ಶುಕ್ರವಾರ

ಮುಲುಂಡಿನ ನಾಣಿ ಹುಟ್ಟಾ ಪುಕ್ಕಲರು. ಬೀಗ ಹಾಕಿ, ಜಗ್ಗಿ ನೋಡಿ, ಬಿಲ್ಡಿಂಗ್ ಇಳಿದು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಹತ್ತಿಬಂದು, ಇನ್ನೊಮ್ಮೆ ಬೀಗ ಜಗ್ಗಿದ ಮೇಲೆಯೇ ಅವರ ದಂಡಯಾತ್ರೆ ಲೋಕಲ್ ಗಾಡಿಯತ್ತ ಹೊರಡುತ್ತಿತ್ತು. ಯಾವುದನ್ನೇ ಆಗಲಿ ಇನ್ನೊಮ್ಮೆ ಮಾಡಿಬಿಟ್ಟರೆ ಕ್ಷೇಮ ಎಂಬುದು ಅವರ ಕ್ಷಾತ್ರಧರ್ಮ.

ಹಾಸನದ ಈ ವೀರರು ಅಂಧೇರಿಯ ಒಂದು ಬಂದರು ಸರ್ವೆ ಕಚೇರಿಯಲ್ಲಿದ್ದರು. ಮೊದಮೊದಲು ಅವರನ್ನು ದೋಣಿ ಹತ್ತಿಸಿ ಕಡಲಿನ ಆಳ ಅಳೆಯಲು ಕಳಿಸುತ್ತಿದ್ದರು. ಈಜು ಬಾರದ ನಾಣಿ ಅಳೆದದ್ದಕ್ಕಿಂತ ವಾಂತಿ ಮಾಡಿದ್ದೇ ಹೆಚ್ಚು. ತೊಂಬತ್ತೊಂದರಲ್ಲಿ ಬಣ್ಣದ ಪರದೆಯ ಕಂಪ್ಯೂಟರ್ ಬಂದು ಅವರನ್ನು ದಡ ಸೇರಿಸಿತು. ದೋಣಿಯವರು ತಂದ ಅಂಕಿಗಳನ್ನು ಅದಕ್ಕೆ ಉಣಿಸಿದರೆ ಕಡಲತಳದ ಹಳ್ಳದಿಣ್ಣೆಗಳು ಚಿತ್ರವಾಗಿ ಮೂಡುತ್ತಿದ್ದವು.

ತೊಡಕು ಒಂದೇ. ದೋಣಿಯವರ ಆಳವನ್ನು ಯಂತ್ರ ಎತ್ತರವೆಂದು ತಿಳಿಯುತ್ತಿತ್ತು. ಅದಕ್ಕೆಂದು ನಾಣಿ ಯಂತ್ರಕ್ಕೆ ಆಜ್ಞೆ ಕೊಡುವ ಪುಟ್ಟ ಸ್ಕ್ರಿಪ್ಟ್ ಬರೆದರು. ಅದು ಪ್ರತಿ ಅಂಕಿಯನ್ನೂ ಮೈನಸ್ ಒಂದರಿಂದ ಗುಣಿಸಿ, ಹಳೆಯದನ್ನು ಅಳಿಸಿ ಅಲ್ಲೇ ಹೊಸದನ್ನು ಬರೆಯುತ್ತಿತ್ತು. ಡಿಸ್ಕಿನಲ್ಲಿ ಇನ್ನೊಂದು ಪ್ರತಿಗೆ ಜಾಗವಿರಲಿಲ್ಲ. ಮೂಲ ಅಂಕಿಗಳಿದ್ದ ಟೇಪಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತು.

ಆ ಶುಕ್ರವಾರ ಮಧ್ಯಾಹ್ನ ದಿಲ್ಲಿಯ ಸಾಹೇಬರು ಚಿತ್ರ ನೋಡಲು ಬರುವವರಿದ್ದರು. “ಪಿಕ್ಚರ್ ಬಿಗಡಾ ತೋ ನಾಣಿಸಾಬ್, ಫಿರ್ ಸೆ ಬೋಟ್!” ಎಂದಿದ್ದರು ಡೈರೆಕ್ಟರ್ ಪಾಠಾರೆ. ಚಿತ್ರ ಕೆಟ್ಟರೆ ನಾಣಿ ಮತ್ತೆ ದೋಣಿ ಹತ್ತಬೇಕೆಂದು ಅದರ ತಾತ್ಪರ್ಯ.

ಬೆಳಗ್ಗೆ ಹನ್ನೊಂದಕ್ಕೆ ಸ್ಕ್ರಿಪ್ಟ್ ಓಡಿಸಿದರು. ಕಡಲು ನೀಲಿಯಾಗಿ, ಆಳವಾಗಿ, ಸಾಧುವಾಗಿ ಮಲಗಿತು. ಅಷ್ಟರಲ್ಲಿ ಪಕ್ಕದ ಮನೆಯ ಫೋನಿನಿಂದ ಹೆಂಡತಿ ಅಲಮೇಲು.

“ಏನೂಂದ್ರೆ, ಶುರು ಮಾಡಿಬಿಟ್ರಾ?”

“ಮುಗಿಸೇಬಿಟ್ಟೆ ಕಣೆ.”

“ಅಯ್ಯೋ, ರಾಹುಕಾಲದಲ್ಲಾ! ಹನ್ನೆರಡರವರೆಗೆ ಏನೂ ಮುಟ್ಬೇಡಿ ಅಂತ ಬಡ್ಕೊಂಡಿರ್ಲಿಲ್ವಾ? ಹನ್ನೆರಡಾದ್ಮೇಲೆ ಇನ್ನೊಂದ್ಸಲ ಮಾಡಿ!”

ನಾಣಿ ಗಡಿಯಾರ ನೋಡುತ್ತ ಕೂತರು. ಹನ್ನೆರಡು ದಾಟಿದ್ದೇ ತಡ, ಕುಲದೇವರನ್ನು ನೆನೆದು, ಕಣ್ಣು ಮುಚ್ಚಿ, ಅದೇ ಸ್ಕ್ರಿಪ್ಟನ್ನು ಶಾಸ್ತ್ರೋಕ್ತವಾಗಿ ಇನ್ನೊಮ್ಮೆ ಓಡಿಸಿದರು. ಚಿತ್ರ ಮೂಡಲು ಹೊತ್ತು ಹಿಡಿಯುತ್ತಿತ್ತು. ಮನಸ್ಸು ಹಗುರಾಗಿ ಊಟಕ್ಕೆ ಹೋದರು.

ತಿರುಗಿ ಬಂದಾಗ ದಿಲ್ಲಿಯ ಅತಿಥಿಗಳು ಪರದೆಯ ಸುತ್ತ ನೆರೆದಿದ್ದರು. ಪಕ್ಕದ ಮೇಜಿನ ಶೇಖರ ಕಿವಿಯಲ್ಲಿ ಉಸುರಿದ: “ನಾಣಿಯವರೇ, ಅದೇನ್ರೀ ನಡುಗಡಲಲ್ಲಿ ಗುಡ್ಡ? ಹಡಗು ಹತ್ತೋದಾ, ಸುತ್ಕೊಂಡು ಹೋಗೋದಾ?”

ನೋಡಿದರೆ ಬಂದರಿನ ಬಾಯಲ್ಲೇ ಒಂದು ಮಹಾಪರ್ವತ! ಪಾಠಾರೆಯವರ ಹುಬ್ಬು ಅದಕ್ಕಿಂತ ಮೇಲೇರಿತ್ತು. ನಾಣಿಯ ಕಾಲಡಿಯ ನೆಲ ಆಗಲೇ ದೋಣಿಯಂತೆ ತೊನೆಯಿತು. ರಾಹು ನುಂಗಿದನೇ? ಇಡೀ ವರ್ಷದ ಅಳತೆ ಹೋಯಿತೇ? ಆಮೇಲೆ ತಟ್ಟನೆ ಹೊಳೆಯಿತು. ಎರಡು ಸಲ ಮಗುಚಿದ ದೋಸೆ ಮೊದಲಿನ ಮುಖವನ್ನೇ ತೋರಿಸುತ್ತದೆ. ಮೈನಸ್ಸಿಗೆ ಮೈನಸ್ ಬಿದ್ದು ಪ್ಲಸ್ ಆಗಿತ್ತು, ಅಷ್ಟೆ.

ಅಷ್ಟೆಯೇ? ಮೂರನೆಯ ಸಲ ಓಡಿಸುವಾಗ ನಡುವೆ ಕರೆಂಟು ಹೋದರೆ ಅರ್ಧ ಕಡಲು, ಅರ್ಧ ಗುಡ್ಡ. ಎಲ್ಲಿಯವರೆಗೆ ಮಗುಚಿತೆಂದು ಬ್ರಹ್ಮನೂ ಹೇಳಲಾರ. ನಾಣಿ ಗುಂಡಿ ಒತ್ತಿದರು. ಟ್ಯೂಬ್‌ಲೈಟು ಒಮ್ಮೆ ಮಿಣುಕಿತು. ಅವರ ಜೀವವೂ ಮಿಣುಕಿತು. ಕೊನೆಗೆ ಪರದೆಯ ಮೇಲೆ ಗೆರೆಗೆರೆಯಾಗಿ ಗುಡ್ಡ ಕರಗಿ, ನೀಲಿ ಕಡಲು ಇಳಿದು ಮಲಗಿತು.

“ವಾಹ್!” ದಿಲ್ಲಿಯ ಸಾಹೇಬರು ಚಪ್ಪಾಳೆ ತಟ್ಟಿದರು. “ಗುಡ್ಡ ಮುಳುಗಿಸಿಬಿಟ್ಟಿರಿ! ಏಕ್ ಬಾರ್ ಔರ್!”

ಇನ್ನೊಮ್ಮೆ! ಜೀವಮಾನವಿಡೀ ಪೂಜಿಸಿದ ಮಂತ್ರ ಆ ಕ್ಷಣ ನಾಣಿಗೆ ಯಮಘಂಟೆಯಂತೆ ಕೇಳಿತು. “ನಹೀಂ ಸಾಬ್, ಬಸ್!” ಎಂದವರೇ ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟು ಕೂತುಬಿಟ್ಟರು.

ಅತಿಥಿಗಳು ನಗುನಗುತ್ತಾ ಹೋದರೂ ಕೈ ಹೊರಗೆ ಬರಲಿಲ್ಲ. ಫೋನು ಬಂದಾಗ ಶೇಖರನೇ ರಿಸೀವರನ್ನು ಅವರ ಕಿವಿಗೆ ಹಿಡಿಯಬೇಕಾಯಿತು.

“ಹನ್ನೆರಡರ ಮೇಲೆ ಇನ್ನೊಂದ್ಸಲ ಮಾಡಿದ್ರಾ?”

“ಮಾಡಿದೆ.”

“ಪಾಠಾರೆ ಏನಂದ್ರು? ಬೋಟಾ?”

“ಇಲ್ಲ ಕಣೆ. ಬೋಟ್ ತಪ್ಪಿತು.”

“ನೋಡಿದ್ರಾ, ನನ್ನ ಮಾತು ಕೇಳಿದ್ದಕ್ಕೆ!”