ಚರಗಕ್ಕೆ ಬಂದವರು

ಮುರುಗೆಪ್ಪನನ್ನು ಪಾಡ್‌ಕಾಸ್ಟಿನ ಕೇಳುಗರು ಮೊದಲು ಬೈದದ್ದು ಉಪ್ಪಿನ ವಿಷಯಕ್ಕೆ. “ಕಾಕಾ, ಮಂದೀನ ಉಣ್ಣಾಕ ಕರೀತೀರಿ, ಉಪ್ಪು ಕೇಳಿದ್ರ ಕೊಡೂದಿಲ್ಲ. ಇದೆಂಥಾ ಜಿಪುಣತನ ರೀ?” ಎಂದು ಶಿರೂರಿನ ಕಾಶಪ್ಪ ಎಂಬವನು ಬರೆದಿದ್ದ. ಮುರುಗೆಪ್ಪ ಚಹಾ ಕುಡಿಯುತ್ತ ಅದನ್ನು ಹೆಂಡತಿ ಬಸವಣ್ಣೆವ್ವನಿಗೆ ಓದಿ ಹೇಳಿ ನಕ್ಕ. ಅವನ ಗಾಡಿಯಲ್ಲಿ ಇರುತ್ತಿದ್ದವನು ಅವನೊಬ್ಬನೇ. ಉಪ್ಪು ಕೇಳಲು ಇನ್ಯಾರಿದ್ದರು?

ಈ ಮುರುಗೆಪ್ಪನ ಬಾಳೇ ಒಂದು ತಮಾಷೆ. ವಿಜಯಪುರದ ಕಡೆಯಿಂದ ಹೊಟ್ಟೆಪಾಡಿಗೆ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕಾರಕೂನನಾಗಿ ತಲೆ ಬೆಳ್ಳಗೆ ಮಾಡಿಕೊಂಡ. ಕಾಶ್ಮೀರಕ್ಕೂ ಅಸ್ಸಾಮಿಗೂ ಲಾರಿ ಕಳಿಸಿದ ಈ ಮಹಾಶಯ, ಊರಿಗೆ ಹೋಗುವ ಬಸ್ಸಿನ ದಾರಿ ಬಿಟ್ಟರೆ ಬೇರೆ ದಾರಿ ಕಂಡವನಲ್ಲ. ನಿವೃತ್ತನಾದದ್ದೇ ತಡ, ಹಳೆಯ ಶಾಲಾ ವ್ಯಾನೊಂದನ್ನು ಕೊಂಡು, ಸೀಟು ಕೀಳಿಸಿ ಮಂಚ ಹಾಕಿಸಿ, ಹಿಂದೆ ಗ್ಯಾಸಿನ ಒಲೆ ಕೂರಿಸಿ ಹೊರಟೇಬಿಟ್ಟ. ಬಸವಣ್ಣೆವ್ವನಿಗೆ ಮೊಣಕಾಲಿನ ನೋವು. ಅವಳು ಮನೆಯಲ್ಲೇ ಉಳಿದಳು. ಮಾತಾಡಲು ಜೊತೆಯಿಲ್ಲದ ಮುರುಗೆಪ್ಪ ದಾರಿಯ ಸುದ್ದಿಯನ್ನೆಲ್ಲ ಮೊಬೈಲಿಗೆ ಹೇಳಿ, ಪಾಡ್‌ಕಾಸ್ಟ್ ಎಂದು ಹಾಕತೊಡಗಿದ. ಕೇಳುವವರೂ ಸಿಕ್ಕರು. ಮರುಳನ ಮಾತಿಗೆ ಮರುಳರೇ ಕಿವಿ ಎಂದು ಬಸವಣ್ಣೆವ್ವ ಆಡಿಕೊಂಡಳು.

ಅವನ ಊರಲ್ಲಿ ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಸುತ್ತಲೂ ಚೆಲ್ಲಿ ಭೂತಾಯಿಯನ್ನು ಉಣ್ಣಲು ಕರೆಯುತ್ತಾರೆ. ಅದಕ್ಕೆ ಚರಗ ಎನ್ನುವುದು. ಮುರುಗೆಪ್ಪ ಅದನ್ನು ರಸ್ತೆಗೆ ತಂದ. ಗಾಡಿ ನಿಲ್ಲಿಸಿ ಉಣ್ಣುವ ಮೊದಲು ಒಂದಿಷ್ಟು ರೊಟ್ಟಿ, ಪಲ್ಯ ಚೆಲ್ಲಿ, “ಹಸದವರು ಯಾರಿದ್ರೂ ಉಣ್ಣಾಕ ಬರ್ರೀ” ಎಂದು ಕೂಗುತ್ತಿದ್ದ. ಒಲೆಯ ಸದ್ದು, ಗಾಳಿಯ ಸದ್ದು ಕೇಳುಗರಿಗೆ ಇಷ್ಟವೆಂದು ಊಟ ಮುಗಿಯುವ ತನಕ ರೆಕಾರ್ಡ್ ಮಾಡುತ್ತಿದ್ದ. ಮೊಟ್ಟಮೊದಲು ಹಾಗೆ ಕೂಗಿದ್ದು ಲೋಣಾವಳಾದ ಕೆಳಗೆ, ಹಳೆಯ ಘಟ್ಟದ ತಿರುವಿನಲ್ಲಿ, ಎದುರಿನ ಮರವೂ ಕಾಣದ ಮಂಜಿನೊಳಗೆ.

ಕಾಶಪ್ಪನ ಹಿಂದೆಯೇ ಉಳಿದವರೂ ಬರೆದರು. “ನಿಮ್ ಜೊತೆ ಇರೋ ಮಂಗಳೂರು ಕಡೆಯವರು ಯಾರು ಅಂಕಲ್?” ಎಂದು ಒಬ್ಬಳು. “ನಿಮ್ ಫ್ರೆಂಡ್‌ಗೆ ಉಪ್ಪು ಕೊಡಿ ಸರ್, ಪಾಪ” ಎಂದು ಇನ್ನೊಬ್ಬ. ಕೊಂಕಣದ ಕಂತಿಗೂ ಅದೇ ಮಾತು, ಕಚ್ಛದ ಕಂತಿಗೂ ಅದೇ ಮಾತು. ಒಬ್ಬರನ್ನೊಬ್ಬರು ಕಂಡರಿಯದ ಇಷ್ಟು ಜನ ಸೇರಿ ಚೇಷ್ಟೆ ಮಾಡುತ್ತಾರೆಯೇ? ಮುರುಗೆಪ್ಪ ಕಿವಿಗೆ ವೈರು ಸಿಕ್ಕಿಸಿ ಮತ್ತೆ ಮತ್ತೆ ಕೇಳಿದ. ಗಾಳಿ, ಒಲೆ, ತಾನು ರೊಟ್ಟಿ ಮುರಿಯುವ ಸದ್ದು. ಮತ್ತೇನೂ ಇಲ್ಲ.

ಬಸವಣ್ಣೆವ್ವ ಅದೇ ವೈರನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡು ಕೇಳಿದಳು. ಅವಳ ಮುಖದ ಬಣ್ಣವೇ ಹೋಯಿತು.

“‘ಮಾರಾಯ್ರೆ, ಸ್ವಲ್ಪ ಉಪ್ಪು ಉಂಟಾ’ ಅಂತ ಕೇಳಾಕತ್ತಾರ್ರೀ. ನಿಮ್ಮ ಮಗ್ಗಲದಾಗ ಕುಂತಾರ.”

“ಹುಚ್ಚಿ, ನನಗ್ಯಾಕ ಕೇಳಸವಲ್ದು?”

“ನಿಮಗೆಲ್ಲಿ ಕೇಳಸ್ತದ? ಕರದವರು ನೀವು, ಕರದವರಿಗೆ ಕೇಳಸೂದಿಲ್ಲ.” ಅವಳು ವೈರನ್ನು ಮೈಲಿಗೆಯ ವಸ್ತುವಿನಂತೆ ದೂರ ಸರಿಸಿದಳು. “ಕರದ್ರಿ. ಕಳಿಸೀರೇನು?”

ಮುರುಗೆಪ್ಪ ಬೆಪ್ಪಾದ. ಕಳಿಸುವುದೊಂದು ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅವನ ತಾಯಿ ಚರಗ ಚೆಲ್ಲಿ ಕೂಗಿ ಕರೆದ ಮೇಲೆ, ಕೊನೆಗೆ ಮೆಲ್ಲನೆ, “ಉಂಡ್ರಿ, ತಣದ್ರಿ, ಇನ್ನ ನಿಮ್ಮ ಜಾಗಾಕ ಹೋಗ್ರಿ” ಎನ್ನುತ್ತಿದ್ದಳಂತೆ. ಸೊಸೆ ಕಲಿತಿದ್ದಳು. ಮಗ ಅಷ್ಟು ಹೊತ್ತಿಗೆ ಕಡಬಿನ ಬುಟ್ಟಿಯ ಹತ್ತಿರ ಓಡಿರುತ್ತಿದ್ದ. ಕರೆಯುವ ಅರ್ಧವನ್ನಷ್ಟೇ ಕಲಿತು ಅವನು ದೇಶ ತಿರುಗಿದ್ದ.

“ಕೂಡಲೇ ಕಳಿಸ್ರಿ. ಅವರು ಹೋಗೂ ತನಕಾ ಆ ಗಾಡಿ ನಮ್ಮ ಬಾಗಲ್ದಾಗ ನಿಂದ್ರೂದು ಬ್ಯಾಡ.”

ನಾಳೆಯೇ ಎಲ್ಲಾದರೂ ಊರ ಹೊರಗೆ ಹೋಗಿ ಕಳಿಸಿಬಿಡುವುದೆಂದು ಇಬ್ಬರೂ ಮಾತಾಡಿಕೊಂಡರು. ಅಷ್ಟರಲ್ಲಿ ಇಂದಾಪುರದಿಂದ ಒಂದು ಧ್ವನಿಸಂದೇಶ ಬಂತು.

“ನಾನು ಕುಸುಮ ಅಂತ. ಹೈವೇಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ನಿಮ್ಮ ಹತ್ತಿರ ಉಪ್ಪು ಕೇಳುವ ಆ ಸ್ವರ ನಮ್ಮ ಯಜಮಾನರದ್ದು, ಸಂಕಪ್ಪನವರದ್ದು. ಕಳೆದ ಮಳೆಗಾಲದಲ್ಲಿ ಅವರ ಪಿಕಪ್ಪು ಲೋಣಾವಳಾ ಘಟ್ಟದಲ್ಲಿ ಕೆಳಗೆ ಬಿತ್ತು. ಡಾಕ್ಟ್ರು ಉಪ್ಪು ಬಿಡಬೇಕು ಅಂದಿದ್ರು. ಆ ದಿನ ಬುತ್ತಿಗೆ ನಾನು ಉಪ್ಪೇ ಹಾಕಲಿಲ್ಲ. ಅವರು ಕೇಳಿದ್ರು. ಬೇಕಾದ್ರೆ ಊಟ ಮಾಡಿ, ಇಲ್ಲದಿದ್ರೆ ಉಪವಾಸ ಇರಿ ಅಂತ ಜೋರು ಮಾಡಿದೆ. ಬುತ್ತಿ ಬಿಚ್ಚದೆ ಹಾಗೆಯೇ ಸಿಕ್ಕಿತು. ದಾರಿಯಲ್ಲಿ ಅವರನ್ನು ಎಲ್ಲಿಯೂ ಇಳಿಸಬೇಡಿ ಮಾರಾಯ್ರೆ. ಒಮ್ಮೆ ಇಲ್ಲಿಗೆ ಕರ್ಕೊಂಡು ಬನ್ನಿ.”

ಬಸವಣ್ಣೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೆಣ್ಣಮಗಳು ಕೇಳ್ಯಾಳ. ಒಯ್ರಿ” ಎಂದಳು.

ಮರುದಿನ ಬೆಳಗ್ಗೆ ಮುರುಗೆಪ್ಪ ಎಡಗಡೆಯ ಸೀಟಿನ ಮೇಲಿದ್ದ ಚೀಲವನ್ನು ತೆಗೆದು ಹಿಂದಕ್ಕೆ ಹಾಕಿದ. “ಕುಂದರ್ರಿ ಸಂಕಪ್ಪನವರ” ಎಂದ. ಹೇಳಿದ ಮೇಲೆ ಅವನಿಗೇ ಹೆದರಿಕೆಯಾಯಿತು. ಸೋಲಾಪುರ ರಸ್ತೆ ಹಿಡಿದು ಸುಡುಬಿಸಿಲಿನಲ್ಲಿ ಹೋಗುತ್ತಿದ್ದರೂ ಎಡಗೈಯ ಕೂದಲು ನಿಂತದ್ದು ನಿಂತೇ ಇತ್ತು. ಅರ್ಧ ದಾರಿಯಲ್ಲಿ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿ, ಇಳಿಯದೆ ಕಿಟಕಿಯಿಂದಲೇ ಒಂದು ಚಹಾ ಹೇಳಿದ. ಅಂಗಡಿಯವನು ಗಾಡಿಯೊಳಗೆ ಒಮ್ಮೆ ನೋಡಿ ಎರಡು ಕಪ್ಪು ತಂದ. ಮುರುಗೆಪ್ಪ ಎರಡನೆಯದನ್ನು ಎಡಗಡೆ ಇಟ್ಟು, ಅದು ಆರುವ ತನಕ ಕಾದು ಹೊರಟ.

ಕುಸುಮ ಹೋಟೆಲಿನ ಹಿಂದಿನ ಕೋಣೆಯಲ್ಲಿ ಎಲೆ ಹಾಕಿ ಕಾಯುತ್ತಿದ್ದಳು. ಕುಚ್ಚಲಕ್ಕಿ ಅನ್ನ, ಮೀನಿನ ಸಾರು. “ರೆಕಾರ್ಡ್ ಮಾಡಿ, ನನಗೆ ಅದರಲ್ಲೇ ಕೇಳುವುದು” ಎಂದಳು. ಮುರುಗೆಪ್ಪ ಮೊಬೈಲನ್ನು ಎಲೆಯ ಪಕ್ಕ ಇಟ್ಟು, ಒಂದು ತುತ್ತು ಹೊರಗೆ ಚೆಲ್ಲಿ, ಸಂಕಪ್ಪನನ್ನು ಉಣ್ಣಲು ಕರೆದ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎನ್ನುತ್ತಾರೆ. ಕುಸುಮ ಅದನ್ನು ಎಲೆಯ ತುದಿಗೆ ಬಡಿಸಿದಳು. ಒಮ್ಮೆ ಬಡಿಸಿದಳು, ಸಾಲದೆಂಬಂತೆ ಮತ್ತೊಮ್ಮೆ ಬಡಿಸಿದಳು.

“ಉಪ್ಪು ಹಾಕಿದ್ದೇನೆ. ಊಟ ಮಾಡಿ. ಮತ್ತೆ...” ಕೊನೆಗೆ ಕಳಿಸಬೇಕೆಂದು ಮುರುಗೆಪ್ಪ ಅವಳಿಗೆ ಮೊದಲೇ ತಿಳಿಸಿದ್ದ. ಗಂಡನನ್ನು ಹೋಗೆನ್ನಲು ಯಾವ ಹೆಂಡತಿಗೆ ನಾಲಿಗೆ ಏಳುತ್ತದೆ? ನೀವೇ ಹೇಳಿ ಎಂಬಂತೆ ಅವಳು ಮುರುಗೆಪ್ಪನ ಕಡೆ ನೋಡಿ ತಲೆಯಾಡಿಸಿದಳು. ತಾಯಿಯ ಮಾತನ್ನು ಅವನು ಜೀವಮಾನದಲ್ಲಿ ಮೊದಲ ಸಲ ಹೇಳಿದ. “ಉಂಡ್ರಿ, ತಣದ್ರಿ, ಇನ್ನ ನಿಮ್ಮ ಜಾಗಾಕ ಹೋಗ್ರಿ.”

ಎಲೆಯ ಮೇಲಿನ ಅನ್ನ ಇದ್ದ ಹಾಗೆಯೇ ಇತ್ತು. ಹೊರಗೆ ಬಸ್ಸುಗಳು ಹೋಗುತ್ತಿದ್ದವು. ಕುಸುಮ ರೆಕಾರ್ಡ್ ಆದದ್ದನ್ನು ಹಾಕಿ, ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೇಳಿದಳು. ಮೊದಲು ಅವಳಿಗೆ ಅಳು ಬಂತು. ಆಮೇಲೆ, ಅಳುತ್ತಲೇ, ನಕ್ಕುಬಿಟ್ಟಳು.

“ಏನಂದ್ರು ತಂಗಿ?” ಎಂದ ಮುರುಗೆಪ್ಪ.

“‘ಉಪ್ಪು ಜಾಸ್ತಿಯಾಯ್ತು ಮಾರಾಯ್ತಿ’ ಅಂತ.”

ಮರಳುವಾಗ ಅದೇ ಚಹಾದಂಗಡಿಯ ಮುಂದೆ ಗಾಡಿ ನಿಂತಿತು. ಎಡಗಡೆಯ ಸೀಟಿನ ಮೇಲೆ ಚೀಲ ಇಡಲು ಮುರುಗೆಪ್ಪನಿಗೆ ಇನ್ನೂ ಮನಸ್ಸು ಬಂದಿರಲಿಲ್ಲ. ಈ ಸಲ ಅವನೇ ಎರಡು ಚಹಾ ಹೇಳಿದ. ಅಂಗಡಿಯವನು ಗಾಡಿಯೊಳಗೆ ನೋಡಿ, ಎರಡು ಯಾರಿಗೆಂದು ಮರಾಠಿಯಲ್ಲಿ ಕೇಳಿದ.